ಬಾಡು ಸುಡುವವನ ಚಾಕು

"ಬುದ್ಧೀ, ನಮಗೆ ಕೇಡು ಬಗೆದವನನ್ನು ಮೊದಲೇ ಗುರುತು ಹಿಡಿಯೋದು ಹೇಗೆ?"

ರಾಚಯ್ಯ ಹೀಗೆ ಕೇಳಿದಾಗ ಗುರುಗಳು ಮಠದ ಜಗಲಿಯ ಮೇಲೆ ಕೂತು ಬೀಸಣಿಗೆ ಬೀಸಿಕೊಳ್ಳುತ್ತಿದ್ದರು. ಬೇಸಿಗೆಯ ಮಧ್ಯಾಹ್ನ. ಉಳಿದ ಶಿಷ್ಯರು ಊಟ ಮುಗಿಸಿ ಒಳಗೆ ಮಲಗಿದ್ದರು. ರಾಚಯ್ಯ ಮಾತ್ರ ಪಂಕ್ತಿಗೆ ಬಂದಿರಲಿಲ್ಲ. ಕೆಲವು ದಿನಗಳಿಂದ ಅವನು ಹಿತ್ತಲಲ್ಲಿ ತಾನೇ ಗಂಜಿ ಕಾಯಿಸಿಕೊಂಡು ಕುಡಿಯುತ್ತಿದ್ದುದು ಗುರುಗಳಿಗೆ ಗೊತ್ತಿತ್ತು.

"ಯಾರಪ್ಪಾ ನಿನಗೆ ಕೇಡು ಬಗೆದಿರೋನು?"

"ಅಡುಗೆ ಮಾಡೋ ಮುದ್ದೀರ, ಬುದ್ಧಿ. ಅವನು ಬಡಿಸಿದ್ದು ನನ್ನ ಗಂಟಲಲ್ಲಿ ಇಳೀತಿಲ್ಲ."

"ಅವನು ನಿನಗೆ ಏನು ಮಾಡಿದ?"

"ಏನೂ ಮಾಡಿಲ್ಲ. ಅದಕ್ಕೇ ಭಯ."

"ಸರಿ. ನೀನು ಅವನಿಗೆ ಏನು ಮಾಡಿದೆ?"

ರಾಚಯ್ಯ ತಲೆ ತಗ್ಗಿಸಿದ. ಗುರುಗಳು ಬೀಸಣಿಗೆ ಕೆಳಗಿಟ್ಟರು.

"ಕೂತ್ಕೊ. ಬಾಡು ಸುಟ್ಟು ತಿನ್ನೋರ ಕತೆ ಒಂದಿದೆ, ಹೇಳ್ತೀನಿ. ಹಸಿದ ಹೊಟ್ಟೇಲಿ ಕೇಳೋ ಕತೆ ಅಲ್ಲ ಇದು. ಆದರೆ ಆ ಹಸಿವು ನೀನೇ ತಂದುಕೊಂಡಿದ್ದು, ಅನುಭವಿಸು" ಎಂದು ಗುರುಗಳು ಶುರುಮಾಡಿದರು.

ಹೊಳೆಯ ದಂಡೆಯಲ್ಲಿ ಒಂದು ಊರು. ಅಲ್ಲಿ ನಾಲ್ವರು ಗೆಳೆಯರಿದ್ದರು. ಒಬ್ಬ ಎಣ್ಣೆ ವ್ಯಾಪಾರಿ, ಒಬ್ಬ ಅಂಬಿಗ, ಒಬ್ಬ ಕುಂಬಾರ, ಒಬ್ಬ ರೈತ. ಬೇಸಿಗೆ ಬಂದರೆ ಹೊಳೆ ಒಂದು ಮಗ್ಗುಲಿಗೆ ಸರಿದು ಮರಳು ಬಯಲಾಗುತ್ತಿತ್ತು. ದೋಣಿಗೂ ಹೆಚ್ಚು ಕೆಲಸವಿಲ್ಲ, ನೇಗಿಲಿಗೂ ಇಲ್ಲ. ಆಗ ಒಂದು ದಿನ ಗೊತ್ತುಮಾಡಿಕೊಂಡು ನಾಲ್ವರೂ ಮರಳಿಗೆ ಇಳಿಯುತ್ತಿದ್ದರು. ದಂಡೆಯ ಹೊಂಗೆ ಮರದ ನೆರಳಲ್ಲಿ ಕೆಂಡ ಮಾಡಿ ಬಾಡು ಸುಟ್ಟು ತಿನ್ನುತ್ತಿದ್ದರು. ಹೆಂಡತಿ ಮಕ್ಕಳು ಇಲ್ಲ, ನೆಂಟರಿಲ್ಲ, ಎದ್ದು ಹೋಗುವ ಅವಸರವಿಲ್ಲ. ಹಾಡುತ್ತಿದ್ದರು, ಒಬ್ಬರ ಕಾಲು ಒಬ್ಬರು ಎಳೆಯುತ್ತಿದ್ದರು, ಹೊಟ್ಟೆ ಬಿರಿಯುವಷ್ಟು ತಿಂದು ಮರಳಿನ ಮೇಲೆಯೇ ಉರುಳುತ್ತಿದ್ದರು. ವರ್ಷವೆಲ್ಲ ದುಡಿಯುವವರಿಗೆ ಅಂಥದೊಂದು ದಿನ ಇರಬೇಕು. ಸನ್ಯಾಸಿಯಾದ ನನಗೇ ಹೀಗೆ ಅನ್ನಿಸುತ್ತದೆ.

ರೈತ ಟಗರಿನ ತೊಡೆ, ಅಂಬಿಗ ಹೆಂಡದ ಮಡಕೆ ತರುತ್ತಿದ್ದರು. ಕುಂಬಾರ ಅಗಲ ಬಾಯಿಯ ಮಣ್ಣಿನ ಒಲೆಯನ್ನು ಹೊತ್ತು ತರುತ್ತಿದ್ದ. ವ್ಯಾಪಾರಿ ಎಣ್ಣೆ, ಮೆಣಸು, ಕಬ್ಬಿಣದ ಸರಳುಗಳನ್ನು ತರುತ್ತಿದ್ದ. ಸುಡುವ ಕೆಲಸವೂ ಅವನದೇ. ಅದರಲ್ಲಿ ಅವನನ್ನು ಸರಿಗಟ್ಟುವವರು ಆ ಸೀಮೆಯಲ್ಲೇ ಇರಲಿಲ್ಲ. ಅಂಗೈ ಅಗಲ, ಹೆಬ್ಬೆರಳು ದಪ್ಪ ತುಂಡು ಮಾಡಿ, ಎಣ್ಣೆ ಸವರಿ, ಉರಿ ಆರಿ ಕೆಂಡ ಬೂದಿ ಹೊದೆದ ಮೇಲೆಯೇ ಸರಳಿನ ಮೇಲಿಡುತ್ತಿದ್ದ. ಇಟ್ಟ ಮೇಲೆ ಮುಟ್ಟುತ್ತಿರಲಿಲ್ಲ. ಒಂದು ಮಗ್ಗುಲು ಕೆಂಪಗಾದಾಗ ಒಮ್ಮೆ ಮಗುಚುತ್ತಿದ್ದ, ಅಷ್ಟೆ. ಕೈ ಸುಮ್ಮನಿರಲಾರದವರು ಒತ್ತುತ್ತಾರೆ, ಚುಚ್ಚುತ್ತಾರೆ, ಮತ್ತೆ ಮತ್ತೆ ತಿರುವಿ ಹಾಕುತ್ತಾರೆ. ರಸವೆಲ್ಲ ಕೆಂಡಕ್ಕೆ ಸುರಿದು ಬಾಡು ಒಣಗಿಹೋಗುತ್ತದೆ. ಕೆಂಡಕ್ಕೆ ಒಪ್ಪಿಸಿದ್ದನ್ನು ಸುಮ್ಮನೆ ಬಿಡುವುದಕ್ಕೂ ಧೈರ್ಯ ಬೇಕಪ್ಪ.

ಉಪ್ಪು ಮಾತ್ರ ಸರದಿಯಂತೆ ಬರುತ್ತಿತ್ತು. ಸುಡುವವನನ್ನು ಬಿಟ್ಟು ಮಿಕ್ಕ ಮೂವರಲ್ಲಿ ಒಂದು ವರ್ಷ ಒಬ್ಬ ತಂದರೆ ಮುಂದಿನ ವರ್ಷ ಇನ್ನೊಬ್ಬ. ಬಾಡು ಇನ್ನೇನು ಬೆಂದಿತು ಎನ್ನುವಾಗ ಉಪ್ಪು ತಂದವನು ಎದ್ದು ಬಂದು, ಸುಡುವವನ ಹೆಗಲ ಮೇಲಿಂದ ಕೈ ಚಾಚಿ ಉದುರಿಸುತ್ತಿದ್ದ.

ಆ ಊರಿನ ಹಿರಿಯರು ಮರಳಿನ ಊಟಕ್ಕೆ ಒಂದು ಕಟ್ಟು ಮಾಡಿದ್ದರು. ಹಿಂದೆ ಯಾರೋ ಗೆಳೆಯರು ಹೆಂಡ ಕುಡಿದು ಅಲ್ಲಿ ಚಾಕು ಹಿಡಿದು ಹೊಡೆದಾಡಿಕೊಂಡಿದ್ದರಂತೆ. ಅದಕ್ಕೇ ಮರಳಿನ ಮೇಲೆ ಒಂದೇ ಚಾಕು ಇರಬೇಕು, ಅದು ಸುಡುವವನ ಕೈಯಲ್ಲಿರಬೇಕು. ಅವನು ಹೆಂಡ ಮುಟ್ಟಬಾರದು. ಮಿಕ್ಕವರ ಹತ್ತಿರ ಬೇರೆ ಅಲಗು ಇರಬಾರದು. ಸುಡುವವನು ಎಲ್ಲರಿಗೂ ಕೊಯ್ದು ಕೊಟ್ಟ ಮೇಲೆ, ಕೊನೆಗೆ, ಚಾಕನ್ನು ಉಪ್ಪು ತಂದವನ ಕೈಗೆ ಕೊಡಬೇಕು. ಕೊಟ್ಟು ಕಣ್ಣು ಮುಚ್ಚಿ ಬಾಯಿ ತೆರೆಯಬೇಕು. ಉಪ್ಪು ತಂದವನು ಒಂದು ತುಂಡು ಕೊಯ್ದು, ಚಾಕಿನ ತುದಿಯಲ್ಲಿ ಚುಚ್ಚಿ ಅವನ ಬಾಯಿಗಿಡಬೇಕು. ಅಲ್ಲಿಗೆ ಊಟ ಮುಗಿಯಿತು ಎಂದು ಲೆಕ್ಕ. ಆ ತುತ್ತು ತಪ್ಪಿದರೆ ಅವರು ಇನ್ನು ಗೆಳೆಯರಲ್ಲ. ಮುಂದೆ ಅವರು ಒಟ್ಟಿಗೆ ಮರಳಿಗೆ ಇಳಿಯುವಂತಿಲ್ಲ.

ಹೀಗೆ ವರ್ಷಗಳು ಚೆನ್ನಾಗಿಯೇ ಕಳೆದವು.

ಒಂದು ವರ್ಷ ಚಳಿಗಾಲದಲ್ಲಿ ವ್ಯಾಪಾರಿ ಎಣ್ಣೆಯ ಕೊಡಗಳನ್ನು ಅಂಬಿಗನ ದೋಣಿಯಲ್ಲಿ ಆಚೆ ದಡಕ್ಕೆ ಸಾಗಿಸುತ್ತಿದ್ದ. ನಡುಹೊಳೆಯಲ್ಲಿ ಗಾಳಿ ಎದ್ದಿತು. ದೋಣಿ ವಾಲಿ ಕೊಡಗಳು ನೀರಿಗೆ ಬಿದ್ದವು. ದಡ ಮುಟ್ಟಿದ ಕೂಡಲೇ ವ್ಯಾಪಾರಿ ಅಂಬಿಗನ ಕೆನ್ನೆಗೆ ಹೊಡೆದ. ಸಂತೆಗೆ ಹೊರಟಿದ್ದ ಜನವೆಲ್ಲ ನೋಡಿತು. ಅಂಬಿಗನ ಮಗಳೂ ಅಲ್ಲೇ ಬಟ್ಟೆ ಒಗೆಯುತ್ತಿದ್ದಳು. ಅಂಬಿಗ ಕೆನ್ನೆ ಸವರಿಕೊಂಡು ದೋಣಿಯ ನೀರು ಮೊಗೆಯುವುದಕ್ಕೆ ಹೋದ.

ವ್ಯಾಪಾರಿ ಮನೆಗೆ ಬಂದು ಜಗಳಕ್ಕೆ ಸಿದ್ಧನಾಗಿ ಕೂತ. ಅಂಬಿಗ ನಾಲ್ಕು ಜನರನ್ನು ಕರೆದುಕೊಂಡು ಬರುತ್ತಾನೆ, ಬಂದರೆ ಹೀಗೆ ಹೇಳಬೇಕು, ಹಾಗೆ ಹೇಳಬೇಕು ಎಂದು ಮಾತುಗಳನ್ನು ಜೋಡಿಸಿಕೊಂಡ. ಸಂಜೆ ಅಂಬಿಗ ಬಂದ. ಒಬ್ಬನೇ ಬಂದ. ಜಗಲಿಯ ಮೇಲೆ ಕೂತು ಒಂದು ಚೊಂಬು ನೀರು ಕೇಳಿ ಕುಡಿದ.

"ಗಾಳಿಗೆ ನಾನೇನು ಮಾಡ್ಲಣ್ಣಾ. ನೀನೂ ಸಿಟ್ಟಲ್ಲಿ ಹೊಡೆದೆ. ಹೋಗ್ಲಿ ಬಿಡು" ಎಂದು ಹೇಳಿ ಎದ್ದು ಹೋದ.

ವ್ಯಾಪಾರಿಗೆ ಭಯ ಶುರುವಾದದ್ದು ಆಗಲೇ.

ಬೈದಿದ್ದರೆ ಅವನಿಗೆ ನಿದ್ದೆ ಬರುತ್ತಿತ್ತು. ತಿರುಗಿ ಹೊಡೆದಿದ್ದರೆ ಇನ್ನೂ ಚೆನ್ನಾಗಿ ನಿದ್ದೆ ಬರುತ್ತಿತ್ತು. ಎಲ್ಲರ ಎದುರು, ಹೆತ್ತ ಮಗಳ ಎದುರು ಏಟು ತಿಂದವನು ಇಷ್ಟು ಬೇಗ ಹೇಗೆ ಬಿಡುತ್ತಾನೆ? ನನಗೆ ಯಾರಾದರೂ ಹೀಗೆ ಹೊಡೆದಿದ್ದರೆ ನಾನು ಬಿಡುತ್ತಿದ್ದೆನೇ? ಬಿಡುತ್ತಿರಲಿಲ್ಲ. ಏನು ಮಾಡುತ್ತಿದ್ದೆ? ವ್ಯಾಪಾರಿ ಯೋಚಿಸಿದ. ಮೊದಲು ಮನೆಗೆ ಹೋಗಿ ನೀರು ಕೇಳಿ ಕುಡಿಯುತ್ತಿದ್ದೆ. ಹೋಗಲಿ ಬಿಡು ಎನ್ನುತ್ತಿದ್ದೆ. ನಗುನಗುತ್ತಾ ಇರುತ್ತಿದ್ದೆ. ಯಾರಿಗೂ ಅನುಮಾನ ಬಾರದ ದಿನಕ್ಕೆ ಕಾಯುತ್ತಿದ್ದೆ. ಅವನು ಕಣ್ಣು ಮುಚ್ಚಿರುವ ಹೊತ್ತಿಗೆ ಕಾಯುತ್ತಿದ್ದೆ.

ಯೋಚನೆ ಅಲ್ಲಿಗೆ ಬಂದಾಗ ವ್ಯಾಪಾರಿ ಹಾಸಿಗೆಯಲ್ಲಿ ಎದ್ದು ಕೂತ. ಈ ಬೇಸಿಗೆಗೆ ಉಪ್ಪು ತರುವ ಸರದಿ ಅಂಬಿಗನದು.

ನೋಡು ರಾಚಯ್ಯಾ, ಅಂಬಿಗ ಆಗ ತನ್ನ ಗುಡಿಸಲಲ್ಲಿ ಗೊರಕೆ ಹೊಡೆಯುತ್ತಿದ್ದ. ಅವನ ಸೇಡಿನ ಉಪಾಯವನ್ನೆಲ್ಲ ಪಾಪ ವ್ಯಾಪಾರಿಯೇ ನಿದ್ದೆಗೆಟ್ಟು ಹೂಡುತ್ತಿದ್ದ.

ಆಮೇಲಿನ ದಿನಗಳಲ್ಲಿ ಅವನಿಗೆ ಎಲ್ಲವೂ ಸೇಡಿನ ಗುರುತಾಗಿ ಕಂಡಿತು. ಅಂಬಿಗ ದಾರಿಯಲ್ಲಿ ಸಿಕ್ಕು ನಕ್ಕರೆ, ನಗುತ್ತಿದ್ದಾನೆ ನೋಡು ಎಂದುಕೊಂಡ. ನಗದೆ ಹೋದರೆ, ಇವತ್ತು ಮುಖವಾಡ ಮರೆತಿದ್ದಾನೆ ಎಂದುಕೊಂಡ. ಅಂಬಿಗ ಒಂದು ದಿನ ಮೀನು ಕೊಟ್ಟು ಕಳಿಸಿದ. ವ್ಯಾಪಾರಿ ಅದನ್ನು ತಿಪ್ಪೆಗೆ ಹಾಕಿಸಿ, ಬೆಕ್ಕು ತಿಂದು ಏನಾಗುತ್ತದೆ ಎಂದು ಕಿಟಕಿಯಲ್ಲಿ ನಿಂತು ನೋಡಿದ. ಬೆಕ್ಕು ತಿಂದು ಮೀಸೆ ನೆಕ್ಕಿಕೊಂಡು ಹೋಯಿತು. ಆದರೂ ಅವನಿಗೆ ಸಮಾಧಾನವಾಗಲಿಲ್ಲ. ಇದು ನನ್ನನ್ನು ನಂಬಿಸುವುದಕ್ಕೆ ಎಂದುಕೊಂಡ.

ಬೇಸಿಗೆ ಬಂತು. ದಿನ ಗೊತ್ತಾಯಿತು. ಮೈ ಸರಿಯಿಲ್ಲ ಎನ್ನೋಣವೆಂದರೆ ಕುಂಬಾರ ಮನೆಗೇ ಬಂದು ನೋಡುತ್ತಾನೆ. ಊರಲ್ಲಿಲ್ಲ ಎನ್ನೋಣವೆಂದರೆ ದಿನವನ್ನೇ ಮುಂದೆ ಹಾಕುತ್ತಾರೆ. ಹೆದರಿಕೆ ಎಂದು ಹೇಳುವುದಕ್ಕೆ ಬಾಯಿ ಬರಲಿಲ್ಲ. ಎಣ್ಣೆ, ಮೆಣಸು, ಸರಳು ಹೊತ್ತು ಅವನು ಮರಳಿಗೆ ಇಳಿದ. ಚಾಕನ್ನು ಆ ಬೆಳಗ್ಗೆ ತಾನೇ ಮಸೆದಿದ್ದ. ಮಸೆದ ಮೇಲೆ, ಇದು ಕೊನೆಗೆ ಯಾರ ಕೈಗೆ ಹೋಗುತ್ತದೆ ಎಂಬುದು ನೆನಪಾಗಿ, ಅಲಗನ್ನು ಕಲ್ಲಿಗೆ ಉಜ್ಜಿ ಮೊಂಡು ಮಾಡಲು ನೋಡಿದ. ಆಮೇಲೆ ತನ್ನ ಕೈಯಲ್ಲಿರುವಾಗ ಅದು ಮೊಂಡಾಗಿದ್ದರೆ ಹೇಗೆ ಎನ್ನಿಸಿ ಮತ್ತೆ ಮಸೆದ.

ಮರಳಿನ ಮೇಲೆ ಎಲ್ಲವೂ ಎಂದಿನಂತೆ ಇತ್ತು. ಕೆಂಡ ಬೂದಿ ಹೊದೆಯಿತು. ರೈತ ಹೆಂಡದ ಮಡಕೆಯ ಬಾಯಿ ಬಿಚ್ಚಿದ. ಅಂಬಿಗ ಉಪ್ಪಿನ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತ. ಪ್ರತಿ ಸಲವೂ ವ್ಯಾಪಾರಿ ಕೆಂಡಕ್ಕೆ ಮುಖ, ಗೆಳೆಯರಿಗೆ ಬೆನ್ನು ಮಾಡಿ ಕೂರುತ್ತಿದ್ದ. ಈ ಸಲ ಅಡ್ಡವಾಗಿ ಕೂತ. ಒಂದು ಕಣ್ಣು ಕೆಂಡದ ಮೇಲೆ, ಒಂದು ಕಣ್ಣು ಅಂಬಿಗನ ಮೇಲೆ.

ಬಾಡನ್ನು ಸರಳಿನ ಮೇಲಿಟ್ಟ. ಎಣ್ಣೆ ಚುರ್ ಎಂದಿತು. ವಾಸನೆ ಎದ್ದಿತು. ಕುಂಬಾರ ಹಾಡು ತೆಗೆದ. ಆಗ ವ್ಯಾಪಾರಿಗೆ ಒಂದು ವಿಷಯ ಹೊಳೆಯಿತು. ಬಾಡು ಬೇಯುವವರೆಗೆ ಚಾಕು ನನ್ನ ಕೈಯಲ್ಲಿರುತ್ತದೆ. ಬೇಯದಿದ್ದರೆ ಕೊಡಬೇಕಾಗಿಯೇ ಇಲ್ಲ.

ಆಮೇಲೆ ಆ ಬಾಡಿನ ಪಾಡು ಕೇಳಬೇಡ. ಒಂದು ಮಗ್ಗುಲು ಕೆಂಪಗಾಗುವ ಮುಂಚೆಯೇ ಮಗುಚಿದ. ಮತ್ತೆ ಮಗುಚಿದ. ಕೆಂಡದಿಂದ ದೂರ ಸರಿಸಿದ, ಹತ್ತಿರ ಎಳೆದ. ಉರಿ ಕಡಿಮೆಯಾಯಿತೆಂದು ಸೌದೆ ಒಟ್ಟಿದ. ಉರಿ ಜಾಸ್ತಿಯಾಯಿತೆಂದು ನೀರು ಚಿಮುಕಿಸಿದ. ಹೊಗೆ ಎದ್ದು ಎಲ್ಲರೂ ಕೆಮ್ಮಿದರು. ಕೊಬ್ಬು ಕರಗಿ ಕೆಂಡಕ್ಕೆ ಬಿದ್ದು ಭಗ್ಗೆಂದು ಹತ್ತಿಕೊಂಡಿತು. ತುಂಡುಗಳು ಹೊರಗೆ ಕರಿಯಾದವು. ಒಳಗೆ ಹಸಿಯಾಗಿಯೇ ಉಳಿದವು.

"ಬೆಂತೇನಪ್ಪಾ?" ಎಂದು ರೈತ ಕೇಳಿದ.

"ಇನ್ನೂ ಇಲ್ಲ."

ನೆರಳು ಸರಿಯಿತು. ಬಿಸಿಲು ವ್ಯಾಪಾರಿಯ ಬೆನ್ನಿಗೆ ಬಿತ್ತು. ಅವನು ಜಾಗ ಬದಲಿಸಲಿಲ್ಲ. ಹಾಡು ನಿಂತಿತು. ಹಸಿವಿನಲ್ಲಿ ಯಾರಿಗೆ ಹಾಡು ಬರುತ್ತದೆ?

"ಲೋ, ಟಗರು ಸುಡ್ತಿದ್ದೀಯೋ, ನಿಮ್ಮ ತಾತನ್ನ ಸುಡ್ತಿದ್ದೀಯೋ?" ಎಂದು ಕುಂಬಾರ ರೇಗಿಸಿದ. ಎಲ್ಲರೂ ನಕ್ಕರು. ಅಂಬಿಗನೂ ನಕ್ಕ. ವ್ಯಾಪಾರಿ ನಗಲಿಲ್ಲ. ಅಂಬಿಗ ನಕ್ಕದ್ದನ್ನಷ್ಟೇ ನೋಡಿದ. ಹೆಂಡತಿ ಮಕ್ಕಳ ಮುಖ ಕಣ್ಣ ಮುಂದೆ ಬಂತು. ಇವತ್ತು ನಾನು ಈ ಮರಳಿನಿಂದ ಎದ್ದು ಹೋಗುವುದಿಲ್ಲ ಎಂದು ಅವನ ಮನಸ್ಸು ಹೇಳುತ್ತಿತ್ತು. ಅವನಿಗೆ ಅಳು ಬರುವಂತಾಗಿತ್ತು. ಅದು ಸುಳ್ಳು ಭಯ ಎಂದು ನೀನು ನಗಬೇಡ. ಭಯ ಸುಳ್ಳಾದರೂ ಅದನ್ನು ಪಡುವವನ ಸಂಕಟ ನಿಜವೇ.

ಅಂಬಿಗ ಅವನ ಮುಖ ನೋಡಿದ. ಇವನಿಗೆ ಇವತ್ತು ಏನೋ ಆಗಿದೆ, ಕೆಲಸ ಬೇಗ ಮುಗಿಸಿಕೊಡೋಣ ಎಂದುಕೊಂಡ. ಉಪ್ಪಿನ ಗಂಟು ಬಿಚ್ಚಿ ಒಂದು ಹಿಡಿ ತೆಗೆದುಕೊಂಡು ಎದ್ದ.

ಅಷ್ಟರಲ್ಲಿ ಒಂದು ತುಂಡಿಗೆ ಉರಿ ಹತ್ತಿತ್ತು. ವ್ಯಾಪಾರಿ ಆ ಕಡೆ ಬಗ್ಗಿದ್ದ. ಮತ್ತೆ ತಿರುಗಿ ನೋಡಿದಾಗ ಅಂಬಿಗ ಕೂತಿದ್ದ ಜಾಗ ಬರಿದಾಗಿತ್ತು. ಹಿಂದುಗಡೆ ಮರಳು ಕರಕರ ಎಂದಿತು. ಒಂದು ಕೈಯ ನೆರಳು ಅವನ ಹೆಗಲನ್ನು ದಾಟಿ ಕೆಂಡದ ಮೇಲೆ ಬಿತ್ತು. ಮುಷ್ಟಿ ಬಿಗಿದಿತ್ತು.

ವ್ಯಾಪಾರಿ ತಿರುಗಿ ಚಾಕು ಬೀಸಿದ.

ಉಪ್ಪು ಕೆಂಡಕ್ಕೆ ಬಿದ್ದು ಚಟಚಟ ಸಿಡಿಯಿತು. ಅಂಬಿಗ ಕೂಗಿಕೊಂಡು ಮರಳಿನಲ್ಲಿ ಕುಸಿದ. ಅವನ ಬಲಗೈಯ ಅಂಗೈ ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಸೀಳಿಹೋಗಿತ್ತು. ದೋಣಿಯ ಹುಟ್ಟು ಹಿಡಿಯುವ ಕೈ ಅದು. ಮುಷ್ಟಿಯಲ್ಲಿ ಉಳಿದಿದ್ದ ಉಪ್ಪು ಗಾಯದೊಳಗೇ ಸೇರಿತ್ತು. ಆ ಉರಿಗೆ ಅವನು ಹಲ್ಲು ಕಚ್ಚಿ ಒದ್ದಾಡಿದ.

ಕುಂಬಾರ ಓಡಿಬಂದು ಟವೆಲ್ ಸುತ್ತಿದ. ಒಂದು ಸುತ್ತು ನೆನೆಯಿತು, ಇನ್ನೊಂದು ಸುತ್ತಿದ. ರೈತ ವ್ಯಾಪಾರಿಯ ಎದುರು ಬಂದು ನಿಂತ. ಚಾಕು ಇನ್ನೂ ಅವನ ಕೈಯಲ್ಲಿದ್ದುದರಿಂದ ಹತ್ತಿರ ಬರಲಿಲ್ಲ.

"ಏನು ಮಾಡ್ಬಿಟ್ಟೆಯೋ!"

"ಕೈ ಜಾರಿತು" ಎಂದ ವ್ಯಾಪಾರಿ.

ಜಾರಿದ ಕೈ ಹಾಗೆ ಬೀಸುವುದಿಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅಂಬಿಗ ನೋವಿನ ನಡುವೆಯೂ ತಲೆ ಎತ್ತಿ ವ್ಯಾಪಾರಿಯ ಕಣ್ಣುಗಳನ್ನು ನೋಡಿದ. ಬಹಳ ಹೊತ್ತು ನೋಡಿದ. ಚಳಿಗಾಲದ ಆ ಸಂಜೆಯಿಂದ ಈವರೆಗೆ ಏನಾಗಿತ್ತು ಎಂಬುದು ಅವನಿಗೆ ಆಗ ತಿಳಿಯಿತು. ಕೆನ್ನೆಗೆ ಏಟು ಬಿದ್ದಾಗ ಆಗದಿದ್ದ ನೋವು ಆಗ ಆಯಿತು. ಅವನ ಕಣ್ಣು ತುಂಬಿತು.

"ನಡಿ, ಪಂಡಿತರ ಮನೆಗೆ ಹೋಗಿ ಮದ್ದು ಹಾಕಿಸೋಣ" ಎಂದು ಕುಂಬಾರ ಅವನ ತೋಳು ಹಿಡಿದು ಎಬ್ಬಿಸಿದ.

ಅಂಬಿಗ ತೋಳು ಬಿಡಿಸಿಕೊಂಡ. ಕೆಂಡದ ಮುಂದೆ, ವ್ಯಾಪಾರಿಯ ಎದುರಿಗೆ ಬಂದು ಕೂತ. ಎಡಗೈ ಚಾಚಿದ.

"ಚಾಕು ಕೊಡು."

ವ್ಯಾಪಾರಿ ಚಾಕನ್ನು ಬೆನ್ನ ಹಿಂದೆ ಸರಿಸಿದ.

"ಊಟ ಇನ್ನೂ ಮುಗಿದಿಲ್ಲ. ಈ ಸಲದ ಉಪ್ಪು ನನ್ನದು. ಕೊಡು."

ರೈತನೂ ಕುಂಬಾರನೂ ಅಲ್ಲೇ ನಿಂತರು. ಕೊಡದಿದ್ದರೆ ಆ ನಾಲ್ವರ ಗೆಳೆತನ ಆ ಕ್ಷಣಕ್ಕೆ ಹರಿಯಿತು. ಕೊಟ್ಟರೆ ಏನಾಗುತ್ತದೆಂದು ಅವರಿಗೂ ಗೊತ್ತಿರಲಿಲ್ಲ. ಚಳಿಗಾಲದಿಂದ ವ್ಯಾಪಾರಿಗೆ ಇದ್ದದ್ದು ಕಾರಣವಿಲ್ಲದ ಭಯ. ಈಗ ಅದಕ್ಕೊಂದು ಕಾರಣ ಬಂದಿತ್ತು. ಆ ಕಾರಣ ಅಂಬಿಗನ ಟವೆಲಿನಿಂದ ಮರಳಿಗೆ ತೊಟ್ಟಿಕ್ಕುತ್ತಿತ್ತು.

ವ್ಯಾಪಾರಿ ಚಾಕು ಕೊಟ್ಟ. ಧೈರ್ಯದಿಂದ ಕೊಟ್ಟನೋ, ನಾಚಿಕೆಯಿಂದ ಕೊಟ್ಟನೋ, ಹೆದರಿ ಹೆದರಿ ಸಾಕಾಗಿ ಕೊಟ್ಟನೋ, ನನಗೆ ತಿಳಿಯದು.

ಅಂಬಿಗ ಸರಳಿನ ಮೇಲಿಂದ ಒಂದು ತುಂಡನ್ನು ಎಳೆದುಕೊಂಡ. ಬಟ್ಟೆ ಸುತ್ತಿದ ಕೈಯಲ್ಲಿ ಅದನ್ನು ಒತ್ತಿ ಹಿಡಿದು ಎಡಗೈಯಲ್ಲಿ ಕೊಯ್ದ. ಅಭ್ಯಾಸವಿಲ್ಲದ ಕೈ, ತಡವಾಯಿತು. ಮೇಲೆ ಇದ್ದಿಲಾಗಿದ್ದ ಬಾಡು ಒಳಗೆ ಹಸಿ ಹಸಿಯಾಗಿತ್ತು. ಚೂರನ್ನು ಚಾಕಿನ ತುದಿಗೆ ಚುಚ್ಚಿ ಮೇಲೆತ್ತಿದ.

"ಕಣ್ಣು ಮುಚ್ಚು" ಎಂದ.

ವ್ಯಾಪಾರಿ ಅವನ ಮುಖ ನೋಡಿದ. ಅಲ್ಲಿ ನಗುವಿರಲಿಲ್ಲ, ಸಿಟ್ಟೂ ಇರಲಿಲ್ಲ. ಗುರುತಿಗಾಗಿ ಇಷ್ಟು ದಿನ ಹುಡುಕಿದವನಿಗೆ ಈಗ ಓದಲು ಏನೂ ಸಿಗಲಿಲ್ಲ. ಅವನು ಕಣ್ಣು ಮುಚ್ಚಿದ, ಬಾಯಿ ತೆರೆದ. ಕತ್ತಲಲ್ಲಿ ಬಿಸಿ ಅಲಗು ತುಟಿಯ ಹತ್ತಿರ ಬಂದದ್ದು ಅವನಿಗೆ ತಿಳಿಯಿತು.

ಗುರುಗಳು ಇಲ್ಲಿಗೆ ನಿಲ್ಲಿಸಿ ಬೀಸಣಿಗೆ ಕೈಗೆತ್ತಿಕೊಂಡರು. ರಾಚಯ್ಯ ಮುಂದೆ ಬಾಗಿ ಕೂತಿದ್ದ. ಅವನ ಹಣೆಯಲ್ಲಿ ಬೆವರು ಮೂಡಿತ್ತು.

"ಆಮೇಲೆ, ಬುದ್ಧಿ? ಅಂಬಿಗ ಏನು ಮಾಡಿದ? ಇರಿದುಬಿಟ್ಟನಾ?"

"ರಕ್ತ ಸುರಿದದ್ದು ಅಂಬಿಗನದು ಕಣಯ್ಯಾ, ನೀನಿನ್ನೂ ಹೆದರ್ತಿರೋದು ಅಂಬಿಗನಿಗೇ."